ಸುಮ್ನಿದ್ರೆ ಏನಾಗುತ್ತೆ?

ಮೊದಲಿಗೆ ಒಂದು ಸಣ್ಣ ತಕರಾರು. ಮುಂದಿನ ಎರಡು ಸಾಲು ಪೂರ್ತಿ ಖಾಲಿ ಇದೆ. ಹಿಂದೆ ಗೋಡೆಗೆ ಒರಗಿಕೊಂಡು ಏಳೆಂಟು ಜನ ನಿಂತಿದ್ದೀರಿ. ನಾನು ಸ್ವಲ್ಪ ಬೇಗನೇ ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮೊದಲು ಬಂದವರು ಐದನೇ ಸಾಲಿನ ತುದಿಯ ಕುರ್ಚಿ ಹಿಡಿದರು. ಅವರ ಹಿಂದೆ ಬಂದವರು ಅವರನ್ನು ನೋಡಿ ಆರನೇ ಸಾಲಿಗೆ ಹೋದರು. ಅಲ್ಲಿಂದ ಮುಂದೆ ಎಲ್ಲರೂ ಹಿಂದಕ್ಕೇ. ‘ನಾನು ಮುಂದೆ ಕೂರಬಾರದು’ ಅಂತ ಯಾರೂ ಯೋಚಿಸಿ ತೀರ್ಮಾನ ಮಾಡಿದ ಹಾಗೆ ಕಾಣಲಿಲ್ಲ. ಕಾಲು ಕರೆದುಕೊಂಡು ಹೋದ ಕಡೆ ಹೋಗಿ ಕೂತಿರಿ.

ಈಗ ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರ ಹತ್ತಿರವೂ ಒಂದು ಕಾರಣ ಸಿಗುತ್ತದೆ. ಸ್ಪೀಕರ್ ಸದ್ದು ಜಾಸ್ತಿ, ಮುಂದೆ ಕೂತರೆ ಕತ್ತು ನೋಯುತ್ತೆ, ಬೇಗ ಎದ್ದು ಹೋಗಬೇಕು. ಕೆಲವು ನಿಜವಾದ ಕಾರಣಗಳೇ. ಆದರೆ ಬಹಳಷ್ಟು ಕಾರಣಗಳು ಕೂತಾದ ಮೇಲೆ ಹುಟ್ಟಿದವು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ನಾವು ತೀರ್ಮಾನ ಅಂತ ಕರೆಯುವುದರಲ್ಲಿ ಎಷ್ಟು ಭಾಗ ನಿಜವಾಗಿ ತೀರ್ಮಾನ, ಎಷ್ಟು ಭಾಗ ಸುಮ್ನೆ ಆಗಿ ಹೋದದ್ದು? ಸರ್ಕಾರಗಳು ಇದನ್ನು ತಿಳಿದುಕೊಂಡ ಮೇಲೆ ಏನು ಮಾಡಿದವು?

ಅರ್ಥಶಾಸ್ತ್ರದ ಹಳೆಯ ಪಠ್ಯಗಳಲ್ಲಿ ಒಬ್ಬ ಮನುಷ್ಯ ಬರುತ್ತಾನೆ. ಅವನಿಗೆ ಎಲ್ಲ ಲೆಕ್ಕವೂ ಬರುತ್ತದೆ, ಮರೆವು ಇಲ್ಲ, ಸುಸ್ತು ಇಲ್ಲ, ಇವತ್ತು ಬೇಕಾದದ್ದು ನಾಳೆಯೂ ಬೇಕು. ಅಂಥವನು ನನಗಂತೂ ಇದುವರೆಗೆ ಸಿಕ್ಕಿಲ್ಲ. ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಹೇಳಿದ್ದರು: ಮನುಷ್ಯ ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಹುಡುಕುತ್ತಾ ಕೂರುವುದಿಲ್ಲ, ‘ಇಷ್ಟಾದ್ರೆ ಸಾಕು’ ಅನ್ನಿಸಿದ ಕಡೆ ನಿಂತುಬಿಡುತ್ತಾನೆ. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. 1979ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ ಇನ್ನೊಂದು ಮಾತು ಸೇರಿಸಿದರು. ಕಳೆದುಕೊಂಡ ನೋವು, ಅಷ್ಟನ್ನೇ ಗಳಿಸಿದ ಖುಷಿಗಿಂತ ದೊಡ್ಡದು. ಹೆಚ್ಚುಕಡಿಮೆ ಎರಡು ಪಟ್ಟು.

ಇದನ್ನು ತೋರಿಸುವ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ತರಗತಿ. ಅರ್ಧ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಲಾಂಛನ ಇರುವ ಒಂದು ಮಗ್ ಕೊಟ್ಟರು. ಉಳಿದರ್ಧಕ್ಕೆ ಏನೂ ಇಲ್ಲ. ಆಮೇಲೆ, ‘ಈಗ ಕೊಳ್ಳುವವರು ಕೊಳ್ಳಿ, ಮಾರುವವರು ಮಾರಿ’ ಅಂದರು. ಮಗ್ ಸಿಕ್ಕಿದ್ದು ಯಾರಿಗೋ, ಬರೀ ಅದೃಷ್ಟದಿಂದ. ಹಾಗಾಗಿ ಎರಡೂ ಗುಂಪು ಅದಕ್ಕೆ ಕಟ್ಟುವ ಬೆಲೆ ಒಂದೇ ಇರಬೇಕು ಅಲ್ವಾ? ಇರಲಿಲ್ಲ. ಕೈಯಲ್ಲಿ ಮಗ್ ಇದ್ದವರು ಕೇಳಿದ ಬೆಲೆ, ಇಲ್ಲದವರು ಕೊಡಲು ತಯಾರಿದ್ದ ಬೆಲೆಯ ಎರಡು ಪಟ್ಟು. ಕೈಗೆ ಬಂದು ಕೆಲವು ನಿಮಿಷ ಆಗಿತ್ತು, ಅಷ್ಟೇ. ಅಷ್ಟರಲ್ಲೇ ಅದು ‘ನನ್ನದು’ ಆಗಿಬಿಟ್ಟಿತ್ತು. 1990ರಲ್ಲಿ ಕಾಹ್ನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ ಇದನ್ನು ಪ್ರಕಟಿಸಿದರು.

ಮಗ್ ಪಕ್ಕಕ್ಕಿಡಿ. ಇದರಿಂದ ನನಗೆ ಬೇಕಾದದ್ದು ಒಂದೇ ವಿಷಯ. ಇರುವ ಸ್ಥಿತಿಯಿಂದ ನಮ್ಮನ್ನು ಅಲ್ಲಾಡಿಸುವುದು ಕಷ್ಟ. ಬದಲಾವಣೆಯಲ್ಲಿ ಏನು ಸಿಗುತ್ತೆ ಅನ್ನುವುದಕ್ಕಿಂತ ಏನು ಹೋಗುತ್ತೆ ಅನ್ನುವುದು ಮೊದಲು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಸೋಮಾರಿತನ, ಅದರ ಮೇಲೆ ಮರೆವು. ಹಾಗಾಗಿ ಯಾವುದೇ ಯೋಜನೆ, ಯಾವುದೇ ಅರ್ಜಿ, ಯಾವುದೇ ಆ್ಯಪ್ ಕೈಗೆ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ: ಸುಮ್ನಿದ್ರೆ ಏನಾಗುತ್ತೆ? ಈ ಮನುಷ್ಯ ಏನೂ ಮಾಡದೆ ಕೂತರೆ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತಾನೆ? ಇದಕ್ಕೆ ಡೀಫಾಲ್ಟ್ ಅಂತ ಹೆಸರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿರುತ್ತೀರಿ.

ಅಮೆರಿಕದ ಒಂದು ದೊಡ್ಡ ಕಂಪನಿಯ ನಿವೃತ್ತಿ ಉಳಿತಾಯದ ಕಥೆ ಕೇಳಿ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಉಳಿತಾಯ ಬೇಕಿದ್ದರೆ ಒಂದು ಫಾರ್ಮ್ ತುಂಬಿಕೊಡಬೇಕಿತ್ತು. ಕಂಪನಿಯೂ ತನ್ನ ಪಾಲು ಹಾಕುತ್ತಿತ್ತು, ಅಂದರೆ ಸೇರದೇ ಇದ್ದವರಿಗೆ ನಷ್ಟವೇ. ಆದರೂ ಅರ್ಧಕ್ಕರ್ಧ ಜನ ಸೇರಿರಲಿಲ್ಲ. ಆಮೇಲೆ ಕಂಪನಿ ಒಂದೇ ಒಂದು ವಿಷಯ ಬದಲಾಯಿಸಿತು. ಕೆಲಸಕ್ಕೆ ಸೇರಿದ ಕೂಡಲೇ ನೀವು ಉಳಿತಾಯದಲ್ಲೂ ಇದ್ದೀರಿ, ಬೇಡ ಅಂದರೆ ಹೇಳಿ ಹೊರಗೆ ಹೋಗಿ. ಲಾಭ ಬದಲಾಗಲಿಲ್ಲ, ನಿಯಮ ಬದಲಾಗಲಿಲ್ಲ. ಹೊಸಬರಲ್ಲಿ 100ಕ್ಕೆ 86 ಜನ ಒಳಗಿದ್ದರು. ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನಿಸ್ ಶೇ ಅನ್ನುವ ಸಂಶೋಧಕರು 2001ರಲ್ಲಿ ಬರೆದದ್ದು ಇದು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಅದರ ಇನ್ನೊಂದು ಅರ್ಧ ನನಗೆ ಇನ್ನೂ ಮುಖ್ಯ. ಆ ಕಂಪನಿ ಉಳಿತಾಯವನ್ನು ಸಂಬಳದ ಶೇ. 3ಕ್ಕೆ ಇಟ್ಟಿತ್ತು. ಸುಮ್ನೆ ಒಂದು ಅಂಕಿ, ಎಲ್ಲಿಂದಾದರೂ ಶುರು ಮಾಡಬೇಕಲ್ಲ. ಜನ ಅಲ್ಲೇ ನಿಂತುಬಿಟ್ಟರು. ತಾವೇ ಫಾರ್ಮ್ ತುಂಬಿದ್ದರೆ ಇನ್ನೂ ಜಾಸ್ತಿ ಉಳಿಸುತ್ತಿದ್ದವರು ಕೂಡ ಆ ಮೂರಕ್ಕೇ ಅಂಟಿಕೊಂಡರು. ಕಂಪನಿ ಹೇಳಿದೆ ಅಂದ ಮೇಲೆ ಅದೇ ಸರಿ ಇರಬೇಕು ಅಂದುಕೊಂಡರೋ ಏನೋ. ಆಫೀಸಿನಲ್ಲಿ ಯಾರೋ ಒಬ್ಬರು ಅಷ್ಟೇನೂ ಯೋಚಿಸದೆ ಹಾಕಿದ ಅಂಕಿ, ಸಾವಿರಾರು ಜನರ ಮುಪ್ಪಿನ ದುಡ್ಡನ್ನು ನಿರ್ಧರಿಸುತ್ತಿತ್ತು.

ಆ ಮೂರನ್ನು ಮೇಲಕ್ಕೆತ್ತುವುದು ಹೇಗೆ? ‘ನಾಳೆ ಎಂದವನ ಮನೆ ಹಾಳು’ ಅಂತ ನಮ್ಮಲ್ಲಿ ಗಾದೆ ಇದೆ. ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಆ ನಾಳೆಯನ್ನೇ ಹಿಡಿದು ದುಡಿಸಿಕೊಂಡರು. ಇವತ್ತಿನ ಸಂಬಳದಲ್ಲಿ ಕತ್ತರಿಸಬೇಡಿ, ಮುಂದಿನ ಸಲ ಸಂಬಳ ಏರಿದಾಗ ಆ ಏರಿಕೆಯಲ್ಲಿ ಸ್ವಲ್ಪ ಉಳಿತಾಯಕ್ಕೆ ಹೋಗಲಿ, ಈಗ ‘ಹೂಂ’ ಅಂದರೆ ಸಾಕು. ನಾಳೆಯ ತ್ಯಾಗಕ್ಕೆ ಇವತ್ತು ಒಪ್ಪುವುದು ಸುಲಭ ತಾನೇ? ಡಯಟ್ ಯಾವಾಗಲೂ ಸೋಮವಾರ ಶುರುವಾಗುವುದು ಅದಕ್ಕೇ. ಸಂಬಳ ಏರಿದಾಗ ಕೈಗೆ ಬರುವ ದುಡ್ಡು ಇಳಿಯುವುದಿಲ್ಲ, ಹಾಗಾಗಿ ಏನೋ ಕಳೆದುಕೊಂಡೆ ಅನ್ನಿಸುವುದಿಲ್ಲ. ಮೊದಲು ಪ್ರಯತ್ನಿಸಿದ ಕಂಪನಿಯಲ್ಲಿ, ಕೇಳಿದವರಲ್ಲಿ ಶೇ. 78 ಜನ ಒಪ್ಪಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ. 3.5ರಿಂದ 13.6ಕ್ಕೆ ಹೋಯಿತು. ಅವರನ್ನು ಮಧ್ಯದಲ್ಲಿ ಯಾರೂ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಸುಮ್ಮನಿದ್ದರು, ಉಳಿತಾಯ ತಾನಾಗಿ ಏರಿತು. ಬ್ರಿಟನ್ 2012ರಿಂದ ಪಿಂಚಣಿಗೆ ನೌಕರರನ್ನು ತಾನಾಗಿ ಸೇರಿಸುವ ಕಾನೂನನ್ನೇ ಜಾರಿಗೆ ತಂದಿತು. ಅಲ್ಲೂ ಹೊರಗೆ ಹೋದವರು ಕಡಿಮೆ.

ಡೀಫಾಲ್ಟ್ ಅಂದ ಕೂಡಲೇ ಅಂಗಾಂಗ ದಾನದ ಉದಾಹರಣೆ ಬಂದೇ ಬರುತ್ತದೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ತೋರಿಸಿದ್ದು: ಜರ್ಮನಿಯಲ್ಲಿ ದಾನಕ್ಕೆ ಒಪ್ಪಿಗೆ ಇದ್ದವರು ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಜರ್ಮನಿಯಲ್ಲಿ ಬೇಕು ಅಂತ ಹೇಳಬೇಕು, ಆಸ್ಟ್ರಿಯಾದಲ್ಲಿ ಬೇಡ ಅಂತ ಹೇಳಬೇಕು. ಅಷ್ಟೇ ವ್ಯತ್ಯಾಸ. ಈ ಎರಡು ಅಂಕಿಗಳ ಚಿತ್ರ ತೋರಿಸಿದರೆ ಸಭೆಯಲ್ಲಿ ‘ಆಹಾ’ ಅನ್ನುತ್ತಾರೆ. ನಾನೂ ಬಹಳ ವರ್ಷ ತೋರಿಸಿದೆ. ಈಗ ತೋರಿಸುವಾಗ ಒಂದು ಮಾತು ಸೇರಿಸುತ್ತೇನೆ. ಅದು ಕಾಗದದ ಮೇಲಿನ ಒಪ್ಪಿಗೆ, ದಾನ ಅಲ್ಲ. ಆಸ್ಪತ್ರೆಯಲ್ಲಿ ಆ ಹೊತ್ತು ಬಂದಾಗ ಹೆಚ್ಚಿನ ಕಡೆ ಮನೆಯವರನ್ನು ಕೇಳುತ್ತಾರೆ. ಸತ್ತವರು ಬಾಯಿಬಿಟ್ಟು ಏನೂ ಹೇಳದೇ ಇದ್ದರೆ ಆ ಮೌನವನ್ನು ಮನೆಯವರು ಹೇಗೆ ಓದಬೇಕು?

ಸ್ಪೇನ್ ನೋಡಿ. ಬೇಡ ಅನ್ನದಿದ್ದರೆ ಒಪ್ಪಿಗೆ ಅನ್ನುವ ಕಾನೂನು ಅಲ್ಲಿ 1979ರಲ್ಲೇ ಬಂತು. ಹತ್ತು ವರ್ಷ ದೊಡ್ಡ ಬದಲಾವಣೆ ಆಗಲಿಲ್ಲ. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ತರಬೇತಾದ ವೈದ್ಯರನ್ನು ಇಟ್ಟರು. ದುಃಖದಲ್ಲಿರುವ ಮನೆಯವರ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಆ ತರಬೇತಿಯ ದೊಡ್ಡ ಭಾಗ. ಆಮೇಲೆ ಸ್ಪೇನ್ ಜಗತ್ತಿನಲ್ಲೇ ಮುಂದೆ ಹೋಯಿತು. ಅಂದರೆ ಟಿಕ್ ಗುರುತಿನ ಚೌಕ ಬದಲಾಯಿಸುವುದರಿಂದ ಎಲ್ಲ ಆಗುವುದಿಲ್ಲ. ಆ ಚೌಕದ ಹಿಂದೆ ಕೆಲಸ ಮಾಡುವ ಜನ ಬೇಕು.

ಇಲ್ಲಿ ನನ್ನದೇ ಒಂದು ಮಾನಗೇಡಿ ಕಥೆ ಹೇಳಿಬಿಡುತ್ತೇನೆ. ಇದೇ ವಿಷಯದ ಮೇಲೆ ಮಾತಾಡಿಕೊಂಡು ತಿರುಗುವ ನಾನು, ಒಂದು ಆ್ಯಪ್‌ನಲ್ಲಿ ‘ಮೊದಲ ತಿಂಗಳು ಉಚಿತ’ ಅಂತ ಕಂಡು ಸೇರಿಕೊಂಡೆ. ಸೇರುವುದಕ್ಕೆ ಹೆಬ್ಬೆರಳಿನ ಒಂದು ಒತ್ತು ಸಾಕಾಯಿತು. ತಿಂಗಳ ಕೊನೆಗೆ ಬಿಡಬೇಕು ಅಂದುಕೊಂಡೆ. 14 ತಿಂಗಳಾದ ಮೇಲೆ ನನ್ನ ಹೆಂಡತಿ ಬ್ಯಾಂಕಿನ ಲೆಕ್ಕ ನೋಡಿ, ‘ಇದೇನ್ರೀ ಪ್ರತಿ ತಿಂಗಳು ಹೋಗ್ತಿದೆ?’ ಅಂದಳು. ಆವತ್ತೇ ಬಿಡಲು ಕೂತೆ. ಸೆಟ್ಟಿಂಗ್ಸ್ ಒಳಗೆ ಖಾತೆ, ಖಾತೆ ಒಳಗೆ ಯೋಜನೆ, ಯೋಜನೆ ಒಳಗೆ ಬೂದು ಬಣ್ಣದ ಸಣ್ಣ ಅಕ್ಷರ. ಒತ್ತಿದರೆ ‘ನಿಜವಾಗಿಯೂ ಹೋಗ್ತೀರಾ?’ ಅಂತ ಪ್ರಶ್ನೆ. ಹೌದು ಅಂದರೆ ಕಾರಣ ಹೇಳಿ. ಕಾರಣ ಹೇಳಿದರೆ, ಕಚೇರಿ ವೇಳೆಯಲ್ಲಿ ಈ ನಂಬರಿಗೆ ಫೋನ್ ಮಾಡಿ. ಅವತ್ತು ಭಾನುವಾರ. ಸೋಮವಾರ ಮರೆತೆ. ಹದಿನೈದನೇ ತಿಂಗಳಿನದೂ ಹೋಯಿತು.

ನಡ್ಜ್ ಅನ್ನುವ ಪದ ಕೇಳಿರುತ್ತೀರಿ. ಪಕ್ಕದಲ್ಲಿ ಕೂತವರು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾರಲ್ಲ, ಅದು. ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಅದನ್ನು ಚಾಲ್ತಿಗೆ ತಂದರು. ಅದಕ್ಕೆ ಉಲ್ಟಾ ಇರುವುದನ್ನು ಸ್ಲಡ್ಜ್ ಅನ್ನುತ್ತಾರೆ, ಅಂದರೆ ಕೆಸರು. ದಾರಿಯಲ್ಲಿ ಬೇಕಂತಲೋ ಬೇಡದೆಯೋ ತುಂಬಿಕೊಂಡ ಕೆಸರು. ನನ್ನನ್ನು ಕೇಳಿದರೆ, ಸಾರ್ವಜನಿಕ ನೀತಿಯಲ್ಲಿ ಮನುಷ್ಯನ ನಡವಳಿಕೆಯ ಈ ವಿಜ್ಞಾನದ ದೊಡ್ಡ ಉಪಯೋಗ ಇರುವುದು ಜಾಣತನದ ತಿವಿತದಲ್ಲಿ ಅಲ್ಲ, ಈ ಕೆಸರು ತೆಗೆಯುವುದರಲ್ಲಿ.

ಅಮೆರಿಕದಲ್ಲಿ ಕಾಲೇಜು ಓದಿಗೆ ಸರ್ಕಾರದ ನೆರವು ಸಿಗಬೇಕಾದರೆ ಒಂದು ಅರ್ಜಿ ತುಂಬಬೇಕು. ಅದರಲ್ಲಿ 100ಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಕಾಲ. ಕೆಲವು ಸಂಶೋಧಕರು ಒಂದು ಕೆಲಸ ಮಾಡಿದರು. ಬಡ ಕುಟುಂಬಗಳು ತೆರಿಗೆ ಲೆಕ್ಕ ತುಂಬಿಸಲು ಹೋಗುವ ಕಚೇರಿಯಲ್ಲೇ, ಅದೇ ಕುರ್ಚಿಯಲ್ಲೇ, ಈ ಅರ್ಜಿಯನ್ನೂ ತುಂಬಿಸಿಕೊಟ್ಟರು. ವಿವರ ಹೇಗೂ ಎದುರಿಗೇ ಇತ್ತು, ಕೆಲವೇ ನಿಮಿಷದ ಕೆಲಸ. ಇನ್ನೊಂದು ಗುಂಪಿಗೆ ಎಷ್ಟು ನೆರವು ಸಿಗಬಹುದು ಅಂತ ಲೆಕ್ಕ ಹಾಕಿ ಹೇಳಿದರು, ಅರ್ಜಿ ತುಂಬಿಸಲಿಲ್ಲ. ತುಂಬಿಸಿಕೊಟ್ಟ ಮನೆಗಳಲ್ಲಿ, ಕನಿಷ್ಠ ಎರಡು ವರ್ಷ ಕಾಲೇಜು ಓದಿದ ಮಕ್ಕಳ ಪ್ರಮಾಣ ಶೇ. 28ರಿಂದ 36ಕ್ಕೆ ಏರಿತು. ಬರೀ ಮಾಹಿತಿ ಕೊಟ್ಟ ಗುಂಪಿನಲ್ಲಿ ಏನೂ ಬದಲಾಗಲಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ‘ಜನರಿಗೆ ಅರಿವು ಮೂಡಿಸಬೇಕು’ ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದಾಗೆಲ್ಲ ನನಗೆ ಆ ಎರಡನೇ ಗುಂಪು ನೆನಪಾಗುತ್ತದೆ. ಅವರಿಗೆ ಅರಿವು ಇತ್ತು ಸ್ವಾಮಿ. ಇಲ್ಲದೇ ಇದ್ದದ್ದು ಪಕ್ಕದಲ್ಲಿ ಕೂತು ಬರೆದುಕೊಡುವವರು.

ಬ್ರಿಟನ್ ಸರ್ಕಾರ 2010ರಲ್ಲಿ ನಡವಳಿಕೆಯ ಈ ವಿಜ್ಞಾನವನ್ನು ಬಳಸಲೆಂದೇ ಒಂದು ನಡ್ಜ್ ತಂಡ ಕಟ್ಟಿತು. ಅವರ ಕೆಲಸದಲ್ಲಿ ನನಗೆ ನಗು ತರಿಸುವ ಕಥೆ ಅಟ್ಟದ್ದು. ಚಳಿಯ ದೇಶ, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸಿಕೊಂಡರೆ ಬಿಲ್ ಕಡಿಮೆಯಾಗುತ್ತದೆ. ಸರ್ಕಾರ ಸಹಾಯಧನ ಕೊಟ್ಟರೂ ಜನ ಮುಂದೆ ಬರುತ್ತಿರಲಿಲ್ಲ. ಯಾಕೆ? ಅಟ್ಟದ ತುಂಬ ಸಾಮಾನು! ಮುರಿದ ಕುರ್ಚಿ, ಮಕ್ಕಳ ಹಳೆಯ ಆಟಿಕೆ, ಯಾವತ್ತೋ ಬೇಕಾಗುತ್ತೆ ಅಂತ ಇಟ್ಟ ರಟ್ಟಿನ ಡಬ್ಬಿಗಳು. ಅದನ್ನೆಲ್ಲ ಯಾರು ಇಳಿಸುತ್ತಾರೆ? ಹಾಗಾಗಿ ಅಟ್ಟ ಖಾಲಿ ಮಾಡಿಕೊಡುವ ಸೇವೆಯನ್ನೂ ಸೇರಿಸಿ ನೋಡಿದರು. ಅದಕ್ಕೆ ಬೇರೆ ದುಡ್ಡು ಕೊಡಬೇಕಿದ್ದರೂ ಆಸಕ್ತಿ ಜಾಸ್ತಿಯಾಯಿತು. ಪ್ರಯೋಗ ತೀರಾ ಸಣ್ಣದು, ಅದರ ಮೇಲೆ ಸಿದ್ಧಾಂತ ಕಟ್ಟಬೇಡಿ. ಆದರೆ ಯೋಚಿಸುವ ಧಾಟಿ ನೋಡಿ. ‘ಈ ಜನಕ್ಕೆ ಬುದ್ಧಿ ಇಲ್ಲ’ ಅನ್ನುವ ಬದಲು ಏಣಿ ಹತ್ತಿ ಅಟ್ಟ ನೋಡಿದ್ದು.

ಸುಮ್ಮನಿರುವುದರ ಜೊತೆಗೆ ಇನ್ನೊಂದು ಬಲ ಇದೆ. ಹತ್ತು ಜನ ಹೋದದ್ದೇ ದಾರಿ. ಬ್ರಿಟನ್ನಿನಲ್ಲೇ ತೆರಿಗೆ ಬಾಕಿ ಇದ್ದವರಿಗೆ ಹೋಗುವ ಪತ್ರದಲ್ಲಿ ಎರಡು ವಾಕ್ಯ ಸೇರಿಸಿದರು. 10ರಲ್ಲಿ 9 ಜನ ಸಮಯಕ್ಕೆ ತೆರಿಗೆ ಕಟ್ಟುತ್ತಾರೆ, ಕಟ್ಟದ ಕೆಲವೇ ಕೆಲವರಲ್ಲಿ ನೀವೂ ಒಬ್ಬರು, ಅನ್ನುವ ಅರ್ಥದ ಮಾತು. ಮಾಮೂಲಿ ಪತ್ರ ಹೋದ 100 ಜನರಲ್ಲಿ ಸುಮಾರು 34 ಜನ ಮೂರು ವಾರ ದಾಟುವಷ್ಟರಲ್ಲಿ ಕಟ್ಟಿದ್ದರೆ, ಈ ಪತ್ರ ಹೋದವರಲ್ಲಿ 39 ಜನ. ಐದೇ ಜನ ಜಾಸ್ತಿ. ಆದರೆ ಪತ್ರ ಹೇಗೂ ಹೋಗುತ್ತಿತ್ತು, ಖರ್ಚು ಎರಡು ವಾಕ್ಯದ್ದು.

ಇದೇ ಉಪಾಯ ತಿರುಗಿ ಹೊಡೆಯಲೂಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕಸ್‌ನಲ್ಲಿ ಮನೆಮನೆಗೆ ಒಂದು ಚೀಟಿ ತಲುಪಿಸಿದರು: ನಿಮ್ಮ ವಿದ್ಯುತ್ ಬಳಕೆ ಇಷ್ಟು, ಅಕ್ಕಪಕ್ಕದವರ ಸರಾಸರಿ ಇಷ್ಟು. ಜಾಸ್ತಿ ಬಳಸುತ್ತಿದ್ದವರು ಇಳಿಸಿದರು. ಕಡಿಮೆ ಬಳಸುತ್ತಿದ್ದವರು ಏರಿಸಿದರು! ‘ಓ, ನಾನೇ ಸುಮ್ನೆ ಕಷ್ಟಪಡ್ತಿದ್ದೀನಿ’ ಅನ್ನಿಸಿರಬೇಕು. ಆಮೇಲೆ ಕಡಿಮೆ ಬಳಸುವವರ ಚೀಟಿಯಲ್ಲಿ ಒಂದು ನಗುವ ಮುಖ ಬರೆದರು. ಏರಿಕೆ ನಿಂತಿತು. ಪೆನ್ನಿನಲ್ಲಿ ಬರೆದ ಒಂದು ನಗು.

ಇಲ್ಲೊಬ್ಬರು ಕೈ ಎತ್ತಿ ಕೇಳುತ್ತಿದ್ದಾರೆ: ‘ಇಷ್ಟೆಲ್ಲ ಯಾಕೆ, ದಂಡ ಹಾಕಿದ್ರೆ ಆಗಲ್ವಾ?’ ಒಳ್ಳೆಯ ಪ್ರಶ್ನೆ. ಇಸ್ರೇಲಿನ ಹೈಫಾದಲ್ಲಿ ಹಾಕಿ ನೋಡಿದ್ದಾರೆ. ಶಿಶುವಿಹಾರಗಳಿಂದ ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು. ಕೆಲವು ಕಡೆ, 10 ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಅಂತ ಬೋರ್ಡ್ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ತಡವಾದರೆ ಟೀಚರ್ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಈಗ ದುಡ್ಡು ಕೊಡ್ತೀವಲ್ಲ, ನಾಚಿಕೆ ಯಾಕೆ? ದಂಡ ಅನ್ನುವುದು ಬಾಡಿಗೆ ಆಗಿಬಿಟ್ಟಿತು. ಆಮೇಲೆ ದಂಡ ತೆಗೆದರೂ ತಡ ಇಳಿಯಲಿಲ್ಲ. ಹೋದ ನಾಚಿಕೆ ವಾಪಸ್ ಬರಲಿಲ್ಲ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕೀನಿ 2000ದಲ್ಲಿ ಬರೆದದ್ದು.

ಹಾಗಂತ ದುಡ್ಡು ಕೆಲಸ ಮಾಡುವುದೇ ಇಲ್ಲ ಅಂತಲ್ಲ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್‌ನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 5 ಪೆನ್ಸ್ ಕಟ್ಟಬೇಕು ಅಂತ ಮಾಡಿದರು. ಜುಜುಬಿ ಮೊತ್ತ. ಆದರೆ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಚೀಲದ ಬಳಕೆ ಕೆಲವೇ ವರ್ಷದಲ್ಲಿ ಶೇ. 80ಕ್ಕಿಂತ ಜಾಸ್ತಿ ಬಿತ್ತು. ಅಲ್ಲಿ ನಿಜವಾಗಿ ಬದಲಾದದ್ದು ಆ 5 ಪೆನ್ಸ್ ಮಾತ್ರ ಅಲ್ಲ ಅಂತ ನನ್ನ ಅನಿಸಿಕೆ. ಮೊದಲು ಸುಮ್ಮನಿದ್ದರೆ ಚೀಲ ಬರುತ್ತಿತ್ತು. ಈಗ ಸುಮ್ಮನಿದ್ದರೆ ಬರುವುದಿಲ್ಲ, ಬಾಯಿಬಿಟ್ಟು ‘ಒಂದು ಕೊಡಿ’ ಅನ್ನಬೇಕು.

ಈಗ ಸ್ವಲ್ಪ ತಣ್ಣೀರು ಎರಚುತ್ತೇನೆ. ಈ ವಿಷಯದ ಬಗ್ಗೆ ಮಾತಾಡುವವರು ಪವಾಡದ ಕಥೆಗಳನ್ನೇ ಹೇಳುತ್ತಾರೆ. ನಾನೂ ಇಷ್ಟು ಹೊತ್ತು ಅದನ್ನೇ ಮಾಡಿದೆ. 2022ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲಿನೋಸ್, ಅಮೆರಿಕದ ಎರಡು ನಡ್ಜ್ ತಂಡಗಳು ಮಾಡಿದ 126 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2 ಕೋಟಿಗೂ ಹೆಚ್ಚು ಜನ ಅದರಲ್ಲಿದ್ದರು. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳಲ್ಲಿ ಸರಾಸರಿ 100 ಜನರಲ್ಲಿ 8ರಿಂದ 9 ಜನ ಬದಲಾಗಿದ್ದರೆ, ಈ ತಂಡಗಳ ಪ್ರಯೋಗಗಳಲ್ಲಿ ಬದಲಾದವರು ಒಂದೂವರೆಗಿಂತ ಕಡಿಮೆ. ಚೆನ್ನಾಗಿ ಬಂದ ಫಲಿತಾಂಶ ಅಚ್ಚಾಗುತ್ತದೆ, ಸಪ್ಪೆ ಫಲಿತಾಂಶ ಕಪಾಟಿನಲ್ಲಿ ಉಳಿಯುತ್ತದೆ. ವ್ಯತ್ಯಾಸದ ದೊಡ್ಡ ಕಾರಣ ಅದು. ಇನ್ನೂ ನಾಚಿಕೆಗೇಡಿನದು ಒಂದಿದೆ. ಅರ್ಜಿಯ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೊದಲೇ ಹಾಕಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತೆ ಅಂತ 2012ರಲ್ಲಿ ಒಂದು ಅಧ್ಯಯನ ಬಂತು. ಬಹಳ ಹೆಸರು ಮಾಡಿತು. 2021ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅದರೊಳಗಿನ ಅಂಕಿಅಂಶವೇ ಕಟ್ಟಿದ್ದು ಅಂತ ಗೊತ್ತಾಗಿತ್ತು. ಪ್ರಾಮಾಣಿಕತೆಯ ಮೇಲಿನ ಅಧ್ಯಯನ, ನೆನಪಿರಲಿ.

ಇನ್ನೊಂದು ತಕರಾರು ನನ್ನದೇ. ಪತ್ರದ ವಾಕ್ಯ ತಿದ್ದುವುದು ಅಗ್ಗ, ಯಾರ ವಿರೋಧವೂ ಬರುವುದಿಲ್ಲ. ಹಾಗಾಗಿ ಸರ್ಕಾರಗಳಿಗೆ ಅದು ಇಷ್ಟ. ತೆರಿಗೆ, ಕಾನೂನು, ಆಸ್ಪತ್ರೆ, ಮೇಷ್ಟ್ರು, ಇವೆಲ್ಲ ದುಬಾರಿ. ಉಳಿಸಲು ದುಡ್ಡೇ ಇಲ್ಲದವನ ಉಳಿತಾಯದ ಫಾರ್ಮನ್ನು ಎಷ್ಟು ಚೆಂದ ಮಾಡಿದರೂ ಅವನು ಏನು ಉಳಿಸಿಯಾನು?

ಇನ್ನು ಉಳಿದದ್ದು, ಇದನ್ನೆಲ್ಲ ಯಾರು ನಿರ್ಧರಿಸಬೇಕು ಅನ್ನುವುದು. ಇದಕ್ಕೆ ನನ್ನ ಹತ್ತಿರ ಸಿದ್ಧಾಂತ ಇಲ್ಲ, ಇವತ್ತು ಇಲ್ಲೇ ಆದದ್ದು ಒಂದಿದೆ. ಮುಂದಿನ ಸಾಲು ಖಾಲಿ ಉಳಿಯುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ನಿನ್ನೆಯೇ ಸಂಘಟಕರಿಗೆ ಫೋನ್ ಮಾಡಿ, ಹಿಂದಿನ ನಾಲ್ಕು ಸಾಲಿಗೆ ಹಗ್ಗ ಕಟ್ಟಿಬಿಡಿ ಅಂದಿದ್ದೆ. ಅವರು ಮರೆತರು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಮಾತು ಶುರುವಾಗುವ ಮುಂಚೆ ಕೊನೆಯ ಸಾಲಿನ ತುದಿಯಲ್ಲಿ ಕೂತ ಹಿರಿಯರೊಬ್ಬರ ಹತ್ತಿರ ಹೋಗಿ, ‘ಮುಂದೆ ಬನ್ನಿ ಸರ್, ಜಾಗ ಇದೆ’ ಅಂದೆ. ಅವರು ಮೆಲ್ಲಗೆ, ‘ಬೇಡಪ್ಪಾ, ನನಗೆ ಅರ್ಧ ಗಂಟೆಗೊಂದು ಸಲ ಎದ್ದು ಹೋಗ್ಬೇಕು, ಬಾಗಿಲ ಹತ್ರ ಇದ್ರೆ ಒಳ್ಳೇದು’ ಅಂದರು. ಹಗ್ಗ ಕಟ್ಟಿದ್ದರೆ ಅವರು ತಮ್ಮ ಆರೋಗ್ಯದ ವಿಷಯವನ್ನು ಯಾರೋ ಸ್ವಯಂಸೇವಕನಿಗೆ ವಿವರಿಸಿ, ಅನುಮತಿ ಕೇಳಿ, ಅಲ್ಲಿ ಕೂರಬೇಕಿತ್ತು. ಬಹುಶಃ ಕೇಳುತ್ತಿರಲಿಲ್ಲ, ಮನೆಗೆ ಹೋಗುತ್ತಿದ್ದರು. ಲೆಕ್ಕದಲ್ಲಿ ಮಾತ್ರ ಮುಂದಿನ ಸಾಲು ತುಂಬಿತು ಅಂತ ಬರುತ್ತಿತ್ತು.

ಈಗ ಪ್ರಶ್ನೆಗಳು. ಮೈಕ್ ಇಲ್ಲಿ ಮುಂದೆ ಸ್ಟ್ಯಾಂಡಿನಲ್ಲಿದೆ. ಕೇಳಬೇಕಾದವರೆಲ್ಲ ಹಿಂದಿದ್ದೀರಿ, ಎಲ್ಲರ ಕಣ್ಣೆದುರು ಎದ್ದು ನಡೆದು ಬರಬೇಕು. ಹೀಗಾದರೆ ಒಬ್ಬರೋ ಇಬ್ಬರೋ ಬರುತ್ತೀರಿ, ‘ಪ್ರಶ್ನೆಗಳಿಲ್ಲ’ ಅಂತ ನಾವು ಸಭೆ ಮುಗಿಸುತ್ತೇವೆ. ಯಾರಾದರೂ ಆ ಮೈಕ್ ಬಿಚ್ಚಿ ಕೊನೆಯ ಸಾಲಿಗೆ ತೆಗೆದುಕೊಂಡು ಹೋಗಿ ಕೊಡಿ.